ಇಲ್ಲದ ರೋಗಕ್ಕೆ ಸಾಕ್ಷಿ: ಮೂರು ನಿವಾರಣಾ ಕಡತಗಳ ಕುರಿತು ಒಂದು ಟಿಪ್ಪಣಿ

1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ದೇಶದ ಕೊನೆಯ ನಾರುಹುಣ್ಣಿನ ರೋಗಿ ದಾಖಲಾದ. ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿದ್ದು 2000ದ ಫೆಬ್ರವರಿಯಲ್ಲಿ. ಯಾಸ್ ಎಂಬ ಚರ್ಮರೋಗದ ಕೊನೆಯ ಪ್ರಕರಣ ಕಂಡದ್ದು 2003ರ ಅಕ್ಟೋಬರಿನಲ್ಲಿ. ಅದಕ್ಕೆ ಅಂತರರಾಷ್ಟ್ರೀಯ ಮುದ್ರೆ ಬಿದ್ದದ್ದು 2016ರ ಮೇ ತಿಂಗಳಲ್ಲಿ. ಟ್ರಕೋಮಾ ಎಂಬ ಕಣ್ಣಿನ ರೋಗ ಸೋಂಕು ಹರಡುವ ಹಂತದಲ್ಲಿ ದೇಶದಲ್ಲಿ ಉಳಿದಿಲ್ಲವೆಂದು ಕೇಂದ್ರ ಆರೋಗ್ಯ ಸಚಿವರು 2017ರ ಡಿಸೆಂಬರಿನಲ್ಲಿ ಸಾರಿದರು. ವಿಶ್ವ ಆರೋಗ್ಯ ಸಂಸ್ಥೆಯ ದೃಢೀಕರಣ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಮೂರೂವರೆ ವರ್ಷ, ಹನ್ನೆರಡೂವರೆ ವರ್ಷ, ಸುಮಾರು ಏಳು ವರ್ಷ. ಈ ಅಂತರಗಳನ್ನು ಕಚೇರಿಯ ವಿಳಂಬವೆಂದು ಓದಿ ಮುಂದೆ ಹೋಗುವುದು ರೂಢಿ. ವಿಳಂಬದ ಪಾಲು ಇಲ್ಲವೆನ್ನಲಾಗದು. ಆದರೆ ಅಂತರದ ಬಹುಭಾಗವನ್ನು ವಿವರಿಸುವುದು ಬೇರೆಯೇ ಒಂದು ಸಂಗತಿ, ಈ ಟಿಪ್ಪಣಿ ಅದರ ಬೆನ್ನು ಹತ್ತಿದೆ.

ರೋಗವೊಂದು ಇದೆ ಎಂದು ತೋರಿಸಲು ಒಬ್ಬ ರೋಗಿ ಸಾಕು. ಇಲ್ಲ ಎಂದು ತೋರಿಸಲು ಎಷ್ಟು ಆರೋಗ್ಯವಂತರನ್ನು ತಂದು ನಿಲ್ಲಿಸಿದರೂ ಸಾಲದು. ಪರಿಶೀಲನೆಗೆ ಬರುವ ತಜ್ಞರು ನೋಡುವುದು ಹುಡುಕಾಟದ ದಾಖಲೆಯನ್ನು: ಯಾರು ಹುಡುಕಿದರು, ಎಲ್ಲಿ, ವರ್ಷಕ್ಕೆ ಎಷ್ಟು ಸಲ, ಯಾರ ಮನೆ ಬಿಟ್ಟುಹೋಯಿತು, ಸಿಕ್ಕಿತೆಂದು ಬಂದ ಸುದ್ದಿ ಕೊನೆಗೆ ಏನಾಯಿತು. ರೋಗದ ಸ್ವಭಾವಕ್ಕೆ ತಕ್ಕಂತೆ ಈ ಹುಡುಕಾಟ ಬೇರೆಯಾಗುತ್ತದೆ, ಸಾಕ್ಷಿ ಹೇಳುವವರೂ ಬೇರೆಯಾಗುತ್ತಾರೆ. ಇಂಥ ದಾಖಲೆಗಳನ್ನು ಕೂಡಿಸಿಟ್ಟ ಭಾರತದ ಮೂರು ಕಡತಗಳಲ್ಲಿ ಆ ಸಾಕ್ಷಿಗಳು ಕ್ರಮವಾಗಿ ಸಂತೆಗೆ ಬಂದ ಹಳ್ಳಿಗರು, ರೋಗ ನಿಂತ ಮೇಲೆ ಹುಟ್ಟಿದ ಮಕ್ಕಳು, ಮತ್ತು ರೆಪ್ಪೆ ಒಳಕ್ಕೆ ಮಡಚಿಕೊಂಡ ಮುದುಕಿಯರು.

ಮೊದಲೇ ಹೇಳಬೇಕಾದ ಒಂದು ಮಾತಿದೆ. ಪತ್ರಿಕೆಗಳು ಎಲ್ಲಕ್ಕೂ ‘ರೋಗಮುಕ್ತ’ ಎಂಬ ಒಂದೇ ತಲೆಬರಹ ಕೊಟ್ಟರೂ ಕೇಳುವ ಪುರಾವೆ ಒಂದೇ ಅಲ್ಲ. ನಾರುಹುಣ್ಣು ಮತ್ತು ಯಾಸ್‌ಗೆ ಬೇಕಾದದ್ದು ಸೊನ್ನೆ. ಟ್ರಕೋಮಾ, ಆನೆಕಾಲು ರೋಗ, ಕಾಲಾ ಆಜಾರ್‌ಗಳಿಗೆ ಬೇಕಾದದ್ದು ‘ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ’ ನಿವಾರಣೆ, ಅಂದರೆ ನಿಗದಿತ ಮಿತಿಗಿಂತ ಕೆಳಗಿನ ಒಂದು ಸಂಖ್ಯೆ. ಎರಡನೆಯ ಬಗೆಯಲ್ಲಿ ಪತ್ರ ಕೈಗೆ ಬಂದ ದಿನವೂ ಊರಿನಲ್ಲಿ ರೋಗಿಗಳಿರಬಹುದು, ಇರುತ್ತಾರೆ. ಆಗ ಕಡತ ಅವರ ಲೆಕ್ಕವನ್ನೂ ಕೊಡಬೇಕಾಗುತ್ತದೆ.

ನಾರುಹುಣ್ಣಿನ ಕಡತ ಮೂರರಲ್ಲಿ ಹಳೆಯದು, ಓದಲು ಹೆಚ್ಚು ಸ್ವಾರಸ್ಯದ್ದೂ ಹೌದು. ಉತ್ತರ ಕರ್ನಾಟಕದ ಒಣ ಸೀಮೆಯ ಹಿರಿಯರಿಗೆ ಈ ರೋಗದ ಪರಿಚಯ ಹೇಳಬೇಕಿಲ್ಲ. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸೈಕ್ಲೋಪ್ಸ್ ಎಂಬ ಸೂಕ್ಷ್ಮ ಜೀವಿಯ ಹೊಟ್ಟೆಯಲ್ಲಿ ಹುಳುವಿನ ಮರಿ ಇರುತ್ತದೆ. ಆ ನೀರು ಕುಡಿದವನಿಗೆ ಹತ್ತಾರು ತಿಂಗಳು ಏನೂ ತಿಳಿಯುವುದಿಲ್ಲ. ಸುಮಾರು ಒಂದು ವರ್ಷಕ್ಕೆ, ಹೆಚ್ಚಾಗಿ ಕಾಲಿನಲ್ಲಿ, ಉರಿಯುವ ಗುಳ್ಳೆ ಎದ್ದು ಒಡೆದು ಗಜದುದ್ದಕ್ಕೆ ಹತ್ತಿರದ ಹೆಣ್ಣುಹುಳು ಹೊರಗೆ ಬರತೊಡಗುತ್ತದೆ. ಉರಿ ತಾಳದೆ ಕಾಲನ್ನು ಬಾವಿಯ ನೀರಿಗೆ ಇಳಿಸಿದರೆ ಹುಳು ಸಾವಿರಾರು ಮರಿಗಳನ್ನು ಬಿಡುತ್ತದೆ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುವುದೇ ಚಿಕಿತ್ಸೆ. ನಡುವೆ ತುಂಡಾದರೆ ಕಾಲು ಕೀವಾಗುತ್ತದೆ. ಇದಕ್ಕೆ ಲಸಿಕೆ ಇಲ್ಲ, ಔಷಧಿ ಇಲ್ಲ, ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. 1983–84ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಮಾಡಿದ್ದು ನೀರಿನ ಕೆಲಸ: ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದು, ಕೈಪಂಪು ಹಾಕುವುದು, ಸೈಕ್ಲೋಪ್ಸ್ ಕೊಲ್ಲಲು ನೀರಿಗೆ ಟೆಮೆಫಾಸ್ ಬೆರೆಸುವುದು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸುವುದು, ಹುಳು ಹೊರಬಂದವರು ಬಾವಿಗೆ ಇಳಿಯದಂತೆ ನೋಡಿಕೊಳ್ಳುವುದು.

ಕಾರ್ಯಕ್ರಮದ ಆರಂಭದಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳ 89 ಜಿಲ್ಲೆಗಳಲ್ಲಿ, 12,840 ಹಳ್ಳಿಗಳಲ್ಲಿ ರೋಗವಿತ್ತು. 1984ರಲ್ಲಿ ಪ್ರಕರಣಗಳು ಸುಮಾರು 40,000. 1991ಕ್ಕೆ ಅದು 2,185ಕ್ಕೆ ಇಳಿಯಿತು, 1994ಕ್ಕೆ 371ಕ್ಕೆ, 1995ಕ್ಕೆ 60ಕ್ಕೆ. 1996ರಲ್ಲಿ ಒಂಬತ್ತು, ಆಮೇಲೆ ಇಲ್ಲ. ಈ ಅಂಕಿಗಳನ್ನು ನಾವು ಸಾಧನೆಯ ರೇಖೆಯಾಗಿ ನೋಡುತ್ತೇವೆ. ಪ್ರಮಾಣೀಕರಣದ ದೃಷ್ಟಿಯಿಂದ ನೋಡಿದರೆ ಇಷ್ಟೂ ವರ್ಷಗಳ ಅಂಕಿಗಳು ಕೆಲಸಕ್ಕೆ ಬರುವುದು ಬರಲಿರುವ ಸೊನ್ನೆಗೆ ಹಿನ್ನೆಲೆಯಾಗಿ ಮಾತ್ರ. ಪರಿಶೀಲಕರ ಪ್ರಶ್ನೆ ಆರಂಭವಾಗುವುದೇ 1996ರ ಆಗಸ್ಟ್‌ನಿಂದ.

ಕೊನೆಯ ಪ್ರಕರಣದ ನಂತರ ಸತತ ಮೂರು ವರ್ಷ, ಸಾಕಷ್ಟು ಬಲವಾದ ನಿಗಾದ ನಡುವೆ, ಒಂದೂ ದೇಶೀಯ ಪ್ರಕರಣ ಇರಬಾರದು ಎಂಬುದು ನಿಯಮ. ಮೂರು ವರ್ಷದ ಗಡುವಿಗೆ ಹುಳುವಿನ ಬದುಕಿನಲ್ಲೇ ಕಾರಣವಿದೆ. ದೇಹದೊಳಗೆ ಅದು ಅಡಗಿರುವುದು ಒಂದು ವರ್ಷ. ಮೂರು ವರ್ಷವೆಂದರೆ ತಪ್ಪಿಸಿಕೊಂಡ ಒಂದು ಹುಳುವಿನ ಪೀಳಿಗೆ ಮೂರು ಸಲ ಹೊರಗೆ ಬಂದು ಕಾಣಿಸಿಕೊಳ್ಳಲು ಬೇಕಾದ ಕಾಲ. ಗಡುವು ಮುಗಿದ ಮೇಲೆ, 1999ರ ನವೆಂಬರಿನಲ್ಲಿ, ಅಂತರರಾಷ್ಟ್ರೀಯ ತಂಡ ಭಾರತಕ್ಕೆ ಬಂತು. ಇಂಥ ತಂಡಗಳು ದೆಹಲಿಯ ವರದಿಯನ್ನು ಓದಿ ಅಲ್ಲಿಗೇ ನಿಲ್ಲುವುದಿಲ್ಲ. ಹಳ್ಳಿಗೆ, ಶಾಲೆಗೆ, ಸಂತೆಗೆ ಹೋಗಿ ಹುಳುವಿನ ಚಿತ್ರವಿರುವ ಕಾರ್ಡು ತೋರಿಸಿ ಕೇಳುತ್ತವೆ: ಇದನ್ನು ಕಂಡಿದ್ದೀರಾ? ಯಾವಾಗ? ಈಗ ಕಂಡರೆ ಯಾರಿಗೆ ಹೇಳುತ್ತೀರಿ? ತಿಳಿಸಿದವರಿಗೆ ನಗದು ಬಹುಮಾನ ಇದೆಯೆಂದು ಗೊತ್ತೇ? ಕಾರ್ಡು, ಬಹುಮಾನ ಎರಡೂ ಸಿಡುಬಿನ ಕಾಲದ ಪಾಠಗಳು. ಭಾರತ ಸಿಡುಬುಮುಕ್ತವೆಂದು ಅಂತರರಾಷ್ಟ್ರೀಯ ಆಯೋಗ 1977ರ ಏಪ್ರಿಲ್‌ನಲ್ಲಿ ಒಪ್ಪುವ ಮೊದಲು ಇದೇ ಉಪಾಯ ನಡೆದಿತ್ತು. ನಾರುಹುಣ್ಣಿಗೆ ಇದು ಒಪ್ಪುತ್ತದೆ. ಕಾಲಿನಿಂದ ದಾರದಂತೆ ಇಳಿಯುವ ಹುಳುವನ್ನು ಕಂಡವರು ಮರೆಯುವುದಿಲ್ಲ, ಬೇರೆ ರೋಗವೆಂದು ತಪ್ಪು ತಿಳಿಯುವುದೂ ಅಪರೂಪ. ಪ್ರಯೋಗಾಲಯ ಹೇಳಬೇಕಾದದ್ದನ್ನು ಇಲ್ಲಿ ಜೋಳದ ಹೊಲದ ಕೂಲಿಯವಳೇ ಹೇಳಬಲ್ಲಳು.

ಕಡತದ ಜೀವ ಇರುವುದು ವದಂತಿ ರಿಜಿಸ್ಟರಿನಲ್ಲಿ. ಯಾರೋ ನಾರು ಕಂಡಿತೆಂದು ಹೇಳಿದರೆ ಆ ಮಾತು ಬಂದ ದಿನ, ಹೇಳಿದವರು, ತನಿಖೆಗೆ ಹೋದವರು, ಕಂಡದ್ದೇನು ಎಂಬುದೆಲ್ಲ ಅದರಲ್ಲಿ ಬರೆಯಬೇಕು. ತನಿಖೆಯ ಫಲ ಸಾಮಾನ್ಯವಾಗಿ ಕುರು, ಕೀವುಗುಳ್ಳೆ ಅಥವಾ ಬೇರೆ ಜಾತಿಯ ಹುಳು. ಓದುಗರಿಗೆ ವಿಚಿತ್ರವೆನಿಸಬಹುದು: ಇಂಥ ಸುಳ್ಳು ವದಂತಿಗಳು ಹೆಚ್ಚಿದ್ದಷ್ಟೂ ಕಡತ ಗಟ್ಟಿ. ಒಂದೂ ವದಂತಿ ಬರದ ಜಿಲ್ಲೆಯ ಸೊನ್ನೆಯನ್ನು ನಂಬುವುದು ಕಷ್ಟ, ಏಕೆಂದರೆ ಅಲ್ಲಿ ರೋಗವಿಲ್ಲವೋ ಕೇಳುವವರಿಲ್ಲವೋ ತಿಳಿಯುವ ದಾರಿಯಿಲ್ಲ. ನೂರು ವದಂತಿ ಬಂದು, ನೂರಕ್ಕೂ ಒಬ್ಬ ಆರೋಗ್ಯ ಸಹಾಯಕ ಹೋಗಿ ನೋಡಿ ‘ಅಲ್ಲ’ ಎಂದು ಸಹಿ ಹಾಕಿದ್ದರೆ ಅದು ಪುರಾವೆ. ಸರ್ಕಾರಿ ಮನಸ್ಸಿಗೆ ಇದು ಸುಲಭವಾಗಿ ಒಗ್ಗುವ ತರ್ಕವಲ್ಲ. ಮೇಲಿನವರು ಸೊನ್ನೆ ಕೇಳುವಾಗ ಕೆಳಗಿನವರು ವದಂತಿಯನ್ನೂ ಅಳಿಸಿ ಅಚ್ಚುಕಟ್ಟಾದ ಸೊನ್ನೆ ಕಳಿಸುವುದೇ ನಮ್ಮಲ್ಲಿ ವಿಧೇಯತೆ.

ಕೇಳದೆ ಬಂದ ಸೊನ್ನೆಗೆ ಉದಾಹರಣೆ ಬೇಕಿದ್ದರೆ ಅಂಗೋಲಾವನ್ನು ನೋಡಬಹುದು. ನಾರುಹುಣ್ಣಿನ ಇತಿಹಾಸವೇ ಇಲ್ಲದ ದೇಶವೆಂದು ಭಾವಿಸಿದ್ದ ಅಲ್ಲಿ 2018ರಲ್ಲಿ ರೋಗಿ ಸಿಕ್ಕ. ಆ ದೇಶ ಇನ್ನೂ ಪ್ರಮಾಣಪತ್ರ ಪಡೆದಿರಲಿಲ್ಲವೆಂಬುದನ್ನು ಗಮನಿಸಬೇಕು. ರೋಗವೇ ಇರಲಿಲ್ಲವೆನ್ನುವ ದೇಶವೂ ಅದನ್ನು ವಿಧಿವತ್ತಾಗಿ ಹೇಳಿ ಒಪ್ಪಿಸಬೇಕೆಂಬ ನಿಯಮ ಬರಿಯ ಶಿಷ್ಟಾಚಾರವಲ್ಲವೆಂದು ಆಗ ತಿಳಿಯಿತು. ಇನ್ನೊಂದು ಪಾಠ ಚಾಡ್ ದೇಶದ್ದು. ಅಲ್ಲಿ 2012ರಿಂದ ನಾಯಿಗಳಲ್ಲಿ ಇದೇ ಹುಳು ಕಾಣತೊಡಗಿತು. ಹಾಗಾಗಿ ಈಗ ಮನುಷ್ಯರಲ್ಲಷ್ಟೇ ಅಲ್ಲ, ಪ್ರಾಣಿಗಳಲ್ಲೂ ಮೂರು ವರ್ಷ ಹರಡಿಲ್ಲವೆಂದು ತೋರಿಸಬೇಕು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಇದ್ದ ಮನುಷ್ಯ ಪ್ರಕರಣಗಳು 2024ರಲ್ಲಿ 15 ಇದ್ದರೂ ಕೆಲಸ ಮುಗಿಯದಿರುವುದಕ್ಕೆ ದೊಡ್ಡ ಕಾರಣ ಆ ನಾಯಿಗಳು. ಕಡತ ಕೇಳುವ ಪ್ರಶ್ನೆಗಳು ಆ ಕಾಲದ ತಿಳಿವಳಿಕೆಯಷ್ಟೇ ಅಗಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

ಯಾಸ್‌ಗೆ ಬಂದರೆ ಸಂತೆಯ ಸಾಕ್ಷಿ ಸೋಲುತ್ತದೆ. ಇದು ಕಾಡಿನಂಚಿನ ಬುಡಕಟ್ಟು ಹಾಡಿಗಳ ಮಕ್ಕಳ ರೋಗ; ಚರ್ಮದಿಂದ ಚರ್ಮಕ್ಕೆ ಹಬ್ಬುತ್ತದೆ, ಪೆನಿಸಿಲಿನ್‌ನ ಒಂದೇ ಚುಚ್ಚುಮದ್ದಿಗೆ ವಾಸಿಯಾಗುತ್ತದೆ. 1996ರಲ್ಲಿ ಒಡಿಶಾದ ಕೊರಾಪುಟ್‌ನಲ್ಲಿ ಆರಂಭವಾದ ಕಾರ್ಯಕ್ರಮ ಮುಂದೆ ಹತ್ತು ರಾಜ್ಯಗಳ 51 ಜಿಲ್ಲೆಗಳಿಗೆ ಹಬ್ಬಿತು. 1996ರಲ್ಲಿ 3,571 ಇದ್ದ ಪ್ರಕರಣಗಳು 2003ಕ್ಕೆ 46ಕ್ಕೆ ಇಳಿದವು, 2004ರಲ್ಲಿ ಒಂದೂ ಇಲ್ಲ. 2006ರ ಸೆಪ್ಟೆಂಬರ್ 19ರಂದು ಭಾರತ ತಾನೇ ನಿವಾರಣೆ ಘೋಷಿಸಿತು. ಆದರೂ ಹತ್ತು ವರ್ಷ ಕಾಯಬೇಕಾಯಿತು. ತೊಡಕು ಇರುವುದು ರೋಗಾಣುವಿನ ಗುಣದಲ್ಲಿ. ಹುಣ್ಣು ಮಾಯವಾದ ಮೇಲೂ ಅದು ದೇಹದಲ್ಲಿ ವರ್ಷಗಟ್ಟಲೆ ಸುಪ್ತವಾಗಿರಬಲ್ಲದು, ಮತ್ತೆ ಎದ್ದು ಹರಡಬಲ್ಲದು. ಚರ್ಮ ಶುದ್ಧವಿರುವುದು ಪುರಾವೆಯಾಗುವುದಿಲ್ಲ. ವಯಸ್ಕರ ರಕ್ತವೂ ಪುರಾವೆಯಲ್ಲ, ಅದರಲ್ಲಿ ಹಳೆಯ ಸೋಂಕಿನ ಗುರುತು ಉಳಿದಿರಬಹುದು. ಉಳಿಯುವುದು ಕೊನೆಯ ಪ್ರಕರಣದ ಮೇಲೆ ಹುಟ್ಟಿದ ಮಕ್ಕಳು. ಐದು ವರ್ಷದೊಳಗಿನವರ ರಕ್ತದಲ್ಲಿ ಗುರುತಿಲ್ಲದಿದ್ದರೆ ಅವರ ಜೀವಮಾನದಲ್ಲಿ ಆ ಊರಿನಲ್ಲಿ ರೋಗ ಹರಡಿಲ್ಲ. ಅಂಥ ಮಕ್ಕಳು ಹುಟ್ಟಬೇಕು, ಬೆಳೆಯಬೇಕು, ಸಾಕಷ್ಟು ಸಂಖ್ಯೆಯಲ್ಲಿ ಪರೀಕ್ಷೆಗೆ ಸಿಗಬೇಕು. ಅದಕ್ಕೆ ವರ್ಷಗಳೇ ಬೇಕು, ಯಾವ ಕಚೇರಿಯೂ ಅದನ್ನು ಚುರುಕುಗೊಳಿಸಲಾರದು. 2015ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ತಂಡ ಬಂದು ನೋಡಿಹೋಯಿತು. ಮರುವರ್ಷ ಯಾಸ್ ಮುಕ್ತವೆಂಬ ಮಾನ್ಯತೆ ಪಡೆದ ಮೊದಲ ದೇಶ ಭಾರತವಾಯಿತು.

ಟ್ರಕೋಮಾದ್ದು ಇನ್ನೂ ಸೂಕ್ಷ್ಮ. ಕ್ಲಮೈಡಿಯಾ ಜಾತಿಯ ಬ್ಯಾಕ್ಟೀರಿಯಾ ಚಿಕ್ಕ ಮಕ್ಕಳ ಕಣ್ಣಿಗೆ ಮತ್ತೆ ಮತ್ತೆ ತಗಲಿ, ರೆಪ್ಪೆಯ ಒಳಪದರದಲ್ಲಿ ಗಾಯದ ಕಲೆ ಬಿಟ್ಟು, ದಶಕಗಳ ಮೇಲೆ ರೆಪ್ಪೆ ಒಳಕ್ಕೆ ಮಡಚಿಕೊಳ್ಳುತ್ತದೆ. ಆಗ ಕೂದಲು ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಕಾರ್ನಿಯಾವನ್ನು ಉಜ್ಜುತ್ತದೆ, ಕಡೆಗೆ ದೃಷ್ಟಿ ಹೋಗುತ್ತದೆ. ಮಕ್ಕಳನ್ನು ಎತ್ತಿ ಆಡಿಸುವವರು ಹೆಂಗಸರಾದ್ದರಿಂದ ಈ ಕೊನೆಯ ಹಂತ ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಹೀಗೆ ಒಂದೇ ರೋಗದಲ್ಲಿ ಎರಡು ತಲೆಮಾರು ಸೇರಿವೆ: ಇಂದಿನ ಸೋಂಕು ಮಕ್ಕಳಲ್ಲಿ, ಐವತ್ತು ವರ್ಷ ಹಿಂದಿನ ಸೋಂಕು ಅಜ್ಜಿಯರಲ್ಲಿ. ಕಡತ ಎರಡಕ್ಕೂ ಉತ್ತರ ಕೊಡಬೇಕು. ಒಂದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಸಕ್ರಿಯ ರೋಗ ಶೇ. 5ಕ್ಕಿಂತ ಕಡಿಮೆಯಿರಬೇಕು; ಹದಿನೈದು ದಾಟಿದವರಲ್ಲಿ, ಆರೋಗ್ಯ ವ್ಯವಸ್ಥೆಗೆ ಗೊತ್ತಿಲ್ಲದ ರೆಪ್ಪೆ ಮಡಚಿದ ಪ್ರಕರಣಗಳು ಶೇ. 0.2ಕ್ಕಿಂತ ಕಡಿಮೆಯಿರಬೇಕು, ಮುಂದೆ ಬರುವವರಿಗೆ ಚಿಕಿತ್ಸೆ ಕೊಡುವ ವ್ಯವಸ್ಥೆ ಇರಬೇಕು.

2014ರಿಂದ 2017ರವರೆಗಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಕ್ಕಳ ಸಕ್ರಿಯ ರೋಗ ಶೇ. 0.7 ಎಂದು ಬಂತು. 2017ರ ಘೋಷಣೆ ನಿಂತಿದ್ದು ಇದರ ಮೇಲೆ, ಮತ್ತು ಇದರಲ್ಲಿ ತಪ್ಪೇನಿಲ್ಲ. ಆದರೆ ಅದು ಕಡತದ ಅರ್ಧ. ಉಳಿದರ್ಧಕ್ಕಾಗಿ 2021ರಿಂದ 2024ರವರೆಗೆ 200 ಜಿಲ್ಲೆಗಳಲ್ಲಿ ರೆಪ್ಪೆ ಮಡಚಿದವರನ್ನಷ್ಟೇ ಹುಡುಕುವ ಪ್ರತ್ಯೇಕ ಸಮೀಕ್ಷೆ ನಡೆಸಬೇಕಾಯಿತು. 2024ರ ದೃಢೀಕರಣದೊಂದಿಗೆ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯದಲ್ಲಿ ನೇಪಾಳ, ಮ್ಯಾನ್ಮಾರ್‌ಗಳ ನಂತರ ಭಾರತ ಮೂರನೆಯದಾಯಿತು.

ಇಲ್ಲಿ ನಿಂತು ನೋಡಬೇಕಾದದ್ದು ‘ವ್ಯವಸ್ಥೆಗೆ ಗೊತ್ತಿಲ್ಲದ’ ಎಂಬ ಷರತ್ತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು, ಚಿಕಿತ್ಸೆಯಾಗಿಯೂ ರೆಪ್ಪೆ ಮತ್ತೆ ಮಡಚಿದವರು, ಬೇಡವೆಂದು ಹಿಂದೆ ಸರಿದವರು ಇವರೆಲ್ಲ ‘ಗೊತ್ತಿರುವವರು’. ನರಳುವುದು ಒಂದೇ ಆದರೂ ಲೆಕ್ಕದಲ್ಲಿ ಅವರು ಬೇರೆ. ಮೊದಲ ಓದಿಗೆ ಇದು ಸಂಖ್ಯೆ ಇಳಿಸುವ ಜಾಣತನವೆನಿಸುತ್ತದೆ. ನನ್ನ ಮಟ್ಟಿಗೆ ಷರತ್ತು ನ್ಯಾಯವಾದದ್ದೇ: ಒಪ್ಪದ ರೋಗಿಯನ್ನು ಯಾವ ಸರ್ಕಾರವೂ ಬಲವಂತದಿಂದ ಮೇಜಿನ ಮೇಲೆ ಮಲಗಿಸಲಾಗದು, ಹಾಗೆಂದು ದೇಶದ ಕಡತ ಎಂದೆಂದಿಗೂ ತೆರೆದೇ ಇರಬೇಕಿಲ್ಲ. ಆದರೆ ಅದು ನ್ಯಾಯವಾಗಿ ಉಳಿಯುವುದು ಒಂದು ಕಾಗದದ ಬಲದಿಂದ. ‘ಈಕೆಗೆ ಚಿಕಿತ್ಸೆಯ ಬಗ್ಗೆ ತಿಳಿಸಲಾಗಿತ್ತು, ಒಪ್ಪಲಿಲ್ಲ’ ಎಂದು ಯಾರು, ಎಂದು, ಯಾವ ಮಾತಿನ ಮೇಲೆ ಬರೆದುಕೊಂಡರು? ಆಸ್ಪತ್ರೆ ದೂರ, ಜೊತೆಗೆ ಬರುವವರಿಲ್ಲ, ಆ ದಿನದ ಕೂಲಿ ತಪ್ಪುತ್ತದೆ ಎಂಬವೂ ‘ನಿರಾಕರಣೆ’ ಕಾಲಮ್ಮಿನಲ್ಲೇ ಸೇರಿಹೋದರೆ ಮಿತಿ ಮುಟ್ಟುವುದು ಸುಲಭ. ಸಮೀಕ್ಷೆಯ ನಮೂನೆಯಲ್ಲಿ ಕಾರಣವನ್ನು ರೋಗಿಯ ಮಾತಿನಲ್ಲೇ ಬರೆಸಿಕೊಳ್ಳುವ ಒಂದು ಸಾಲು ಇರುವುದು ಒಳ್ಳೆಯದು. ಅಂಕಿಅಂಶದವರಿಗೆ ಅದರಿಂದ ಕಿರಿಕಿರಿಯಾದೀತು.

ಕರ್ನಾಟಕಕ್ಕೆ ಇದೆಲ್ಲ ಹಳೆಯ ಕಥೆಯಲ್ಲ. ಆನೆಕಾಲು ರೋಗದ ಕಡತ ಇನ್ನೂ ಸಿದ್ಧವಾಗಬೇಕಿದೆ. ದೇಶ ಇಟ್ಟುಕೊಂಡ ಗುರಿ 2027. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ, ಬಾಗಲಕೋಟೆಗಳ ಜೊತೆಗೆ ಕರಾವಳಿಯ ಜಿಲ್ಲೆಗಳೂ ಈ ರೋಗದ ನೆಲೆಗಳು. ಐವರ್‌ಮೆಕ್ಟಿನ್, ಡಿಇಸಿ, ಅಲ್ಬೆಂಡಜೋಲ್ ಎಂಬ ಮೂರು ಔಷಧಿಗಳನ್ನೂ ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂದು ಐದು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ ಭಾರತದ ಕೇಂದ್ರವಾಗಿದ್ದದ್ದು ಯಾದಗಿರಿ ಜಿಲ್ಲೆ. ಈ ಕಡತದಲ್ಲಿ ಹಿಂದಿನ ಮೂರೂ ಬಗೆಯ ಸಾಕ್ಷಿಗಳು ಒಟ್ಟಿಗೆ ಬರುತ್ತವೆ. ಸಾಮೂಹಿಕ ಔಷಧಿ ಸೇವನೆಯ ಸುತ್ತುಗಳಲ್ಲಿ ಒಟ್ಟು ಜನಸಂಖ್ಯೆಯ ಶೇ. 65ರಷ್ಟಾದರೂ ಮಾತ್ರೆ ನುಂಗಿರಬೇಕು. ಹಂಚಿದ ರಿಜಿಸ್ಟರು ಬೇರೆ, ನುಂಗಿದವರ ಲೆಕ್ಕ ಬೇರೆ, ಆದ್ದರಿಂದ ಮನೆಮನೆಗೆ ಹೋಗಿ ಜನರನ್ನೇ ಕೇಳುವ ಸಮೀಕ್ಷೆ ಬೇಕು. ಕಾಲು ಊದಿದವರ, ಹೈಡ್ರೋಸೀಲ್ ಇರುವವರ ಪಟ್ಟಿ ಊರುವಾರು ಇರಬೇಕು, ಅವರ ಆರೈಕೆಗೆ ಗೊತ್ತುಮಾಡಿದ ಆಸ್ಪತ್ರೆಗಳ ಗುಣಮಟ್ಟವನ್ನು ಹೋಗಿ ನೋಡಿರಬೇಕು. ಮತ್ತೆ ಮಕ್ಕಳ ರಕ್ತ ಬೇಕು.

ತೊಡಕು ಈ ಕೊನೆಯದರಲ್ಲಿದೆ. ಔಷಧಿ ನಿಲ್ಲಿಸಬಹುದೇ ಎಂದು ತಿಳಿಯಲು ಆರು–ಏಳು ವರ್ಷದ ಮಕ್ಕಳನ್ನು ಪರೀಕ್ಷಿಸುತ್ತಾರೆ, ಎರಡು–ಮೂರು ವರ್ಷಗಳ ಅಂತರದಲ್ಲಿ ಮತ್ತೆ ಎರಡು ಸಲ. ದೊಡ್ಡ ಸಮೀಕ್ಷಾ ಘಟಕವೊಂದರಲ್ಲಿ 1,692 ಮಕ್ಕಳನ್ನು ನೋಡಿದರೆ 20ರವರೆಗೆ ಸೋಂಕಿತರಿದ್ದರೂ ತೇರ್ಗಡೆ, 21 ಆದರೆ ಮತ್ತೆ ಔಷಧಿಯ ಸುತ್ತು. ಇಷ್ಟು ತೆಳ್ಳಗಿನ ಗೆರೆ ಇರುವಾಗ ಯಾವ ಮಕ್ಕಳನ್ನು ನೋಡಿದರು ಎಂಬುದು ಎಷ್ಟು ಮಕ್ಕಳನ್ನು ನೋಡಿದರು ಎಂಬುದರಷ್ಟೇ ಮುಖ್ಯ. ಶಾಲಾ ದಾಖಲಾತಿ ಶೇ. 75 ಇದ್ದಲ್ಲಿ ಸಮೀಕ್ಷೆಯನ್ನು ಶಾಲೆಯಲ್ಲೇ ನಡೆಸಬಹುದು, ಕಡಿಮೆಯಿದ್ದರೆ ಮನೆಗಳಿಗೆ ಹೋಗಬೇಕು. ದಾಖಲಾತಿಯಲ್ಲಿ ನಮ್ಮ ಜಿಲ್ಲೆಗಳು ಆ ಗಡಿಯನ್ನು ಸಲೀಸಾಗಿ ದಾಟುತ್ತವೆ. ಆದರೆ ಕಲ್ಯಾಣ ಕರ್ನಾಟಕದಲ್ಲಿ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ಕುಟುಂಬದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ, ಮಗು ಬೆಂಗಳೂರಿನ ಕಟ್ಟಡದ ಬಳಿಯ ಶೆಡ್ಡಿನಲ್ಲಿರುತ್ತದೆ. ಔಷಧಿ ಹಂಚುವ ವಾರವೂ ಗುಳೆಯ ಕಾಲಕ್ಕೆ ಬಿದ್ದರೆ ಮಾತ್ರೆ ತಪ್ಪಿದ ಮಗುವೇ ಪರೀಕ್ಷೆಗೂ ತಪ್ಪುತ್ತದೆ, ಅದರ ಸೋಂಕು ಇಪ್ಪತ್ತರ ಲೆಕ್ಕಕ್ಕೆ ಬರುವುದೇ ಇಲ್ಲ. ಸಮೀಕ್ಷೆಯ ತಿಂಗಳನ್ನು ಗುಳೆ ಹೋದವರು ಮರಳಿರುವ ಮುಂಗಾರಿನ ಹೊತ್ತಿಗೆ ಇಡುವುದು, ಗೈರುಹಾಜರಾದ ಪ್ರತಿ ಮಗುವಿನ ಹೆಸರಿನ ಮುಂದೆ ಕಾರಣ ಬರೆದು ಆ ಪಟ್ಟಿಯನ್ನು ಕಡತದೊಂದಿಗೇ ಇಡುವುದು, ಇವೆರಡೂ ಜಿಲ್ಲಾ ಮಟ್ಟದಲ್ಲೇ, ಹೊಸ ಆದೇಶಕ್ಕೆ ಕಾಯದೆ ಮಾಡಬಹುದಾದ ಕೆಲಸಗಳು.